ನೆನಪಿನ ಕಾಣಿಕೆ ನಾವೇ ಮಾಡೋಣ, ಆದರೆ ಕೂಲಿ ಕೊಟ್ಟು

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಅಂಗಡಿಗೆ ಒಂದು ಗೋಣಿಚೀಲ ಬಂತು. ನಮ್ಮದು ಪಿ.ಬಿ. ರಸ್ತೆಯಿಂದ ಒಳಗಿನ ಓಣಿಯಲ್ಲಿರುವ ಗುಜರಿ ಅಂಗಡಿ. ಚೀಲ ತಂದವನು ಯಾರದೋ ಮನೆ ಖಾಲಿ ಮಾಡಿಸಿದ್ದ ಆಟೋದವನು. ಸುರಿದು ನೋಡಿದರೆ ಪೇಪರ್, ಸೀಸೆ ಏನೂ ಇಲ್ಲ, ಬರೀ ನೆನಪಿನ ಕಾಣಿಕೆಗಳು. ಎಣಿಸಿದೆ, ಹದಿನೇಳು ಇದ್ದವು. ಅಕ್ರಿಲಿಕ್‌ನವು, ಫೈಬರಿನವು, ಕಂದು ಹಲಗೆಗೆ ಚಿನ್ನದ ಬಣ್ಣದ ತಗಡು ಅಂಟಿಸಿದವು. ಯಾವುದೋ ಸಂಘ, ಯಾವುದೋ ಶಾಲೆ, ಯಾವುದೋ ಕ್ರಿಕೆಟ್ ಟೂರ್ನಮೆಂಟ್. ಹನ್ನೊಂದನೆಯದೋ ಹನ್ನೆರಡನೆಯದೋ ಕೈಗೆತ್ತಿಕೊಂಡರೆ ಅದರ ಮೇಲೆ ನಮ್ಮ ಕಾಲೇಜಿನ ಲಾಂಛನ.

"ಇದರಲ್ಲಿ ಏನು ಸಿಗುತ್ತೆ ಅಬ್ಬಾ?" ಎಂದು ಕೇಳಿದೆ. ಅಬ್ಬಾ ಒಂದನ್ನು ಮೊಣಕಾಲಿಗೆ ಒತ್ತಿ ಮುರಿದು ತೋರಿಸಿದರು. ಮರ ಎಂದುಕೊಂಡಿದ್ದು ಮರವಲ್ಲ, ಮರದ ನಾರಿಗೆ ಅಂಟು ಹಾಕಿ ಒತ್ತಿದ ಎಂ.ಡಿ.ಎಫ್. ಹಿತ್ತಾಳೆ ಎಂದುಕೊಂಡಿದ್ದು ಬಣ್ಣದ ಪ್ಲಾಸ್ಟಿಕ್ ಹಾಳೆ. ಒಂದಕ್ಕೊಂದು ಗಟ್ಟಿಯಾಗಿ ಅಂಟಿರುವುದರಿಂದ ಬಿಡಿಸಿದರೂ ಬಿಡಿಸಿದ ಕೂಲಿ ಗಿಟ್ಟುವುದಿಲ್ಲ. ತುಕ್ಕು ಹಿಡಿದ ಮೊಳೆಗೂ ಒಂದು ರೇಟು ಇರುವ ನಮ್ಮ ಅಂಗಡಿಯಲ್ಲಿ ಇದಕ್ಕೆ ರೇಟು ಇರಲಿಲ್ಲ. ಆಟೋದವನು ವಾಪಸ್ ಒಯ್ಯಲು ಒಪ್ಪದೆ ಚೀಲವನ್ನು ಅಲ್ಲೇ ಬಿಟ್ಟು ಹೋದ.

ಈ ವರ್ಷದ ಕಾಲೇಜು ದಿನಾಚರಣೆಗೆ ಮತ್ತೆ ಹನ್ನೆರಡು ಕಾಣಿಕೆ ಕೊಳ್ಳುವ ಮಾತು ನಡೆದಿದೆ. ನನ್ನ ಅಭಿಪ್ರಾಯ, ಕೊಳ್ಳುವುದು ಬೇಡ. ಮರದ ತೂಗುಫಲಕಗಳನ್ನು, ಅವುಗಳ ಪಟ್ಟಿ, ಬಳೆ, ಸರಪಳಿ, ಕೊಕ್ಕೆ ಸಮೇತ, ನಾವೇ ಮಾಡಬಹುದು. ಮಾಡಿ ನೋಡಿಯೇ ಹೇಳುತ್ತಿದ್ದೇನೆ. ಆದರೆ ಮಾಡಿದವರಿಗೆ ಕೂಲಿ ಕೊಡಬೇಕು, ಅದನ್ನು ಖರ್ಚಿನ ಲೆಕ್ಕದಲ್ಲಿ ಬರೆಯಬೇಕು. ಮೊದಲ ಮಾತಿಗೆ ಎಲ್ಲರೂ ತಲೆಯಾಡಿಸುತ್ತಾರೆ. ಎರಡನೆಯ ಮಾತು ಬಂದಾಗ ಮುಖ ಮುಖ ನೋಡಿಕೊಳ್ಳುತ್ತಾರೆ. ಅದಕ್ಕೇ ಈ ಲೇಖನ.

ಮುಂದೆ ಹೋಗುವ ಮೊದಲು ಒಂದು ತಪ್ಪೊಪ್ಪಿಗೆ. ಪಿಯುಸಿ ಸೇರುವಾಗ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ನಾನು 'ಬಿಸಿನೆಸ್' ಎಂದು ಬರೆದಿದ್ದೆ. ತರಗತಿಯಲ್ಲಿ ಯಾವ ಬಿಸಿನೆಸ್ ಎಂದು ಕೇಳಿದಾಗ 'ಮೆಟಲ್ ಟ್ರೇಡಿಂಗ್' ಎಂದೆ. ಸುಳ್ಳೇನೂ ಅಲ್ಲ. ಆದರೂ ಎರಡು ಬೆಂಚು ಹಿಂದೆ ಕೂತಿದ್ದ ನಮ್ಮ ಓಣಿಯ ಹುಡುಗ ಕೆಮ್ಮಿದ. ಅವನ ತಂದೆ ಪಂಕ್ಚರ್ ಅಂಗಡಿ ಇಟ್ಟಿದ್ದಾರೆ. ಅವನು ಬರೆದಿದ್ದು 'ಆಟೋಮೊಬೈಲ್ಸ್'.

ಫಲಕದ ಕೆಲಸ ಶುರುವಾಗಿದ್ದು ಗ್ರಂಥಾಲಯದಿಂದ. ಅದರ ಬಾಗಿಲಿಗೆ ಅಂಟಿಸಿದ್ದ ಫೋಮ್ ಬೋರ್ಡ್ ಜೂನ್ ತಿಂಗಳ ಮಳೆಗಾಳಿಗೆ ಉದುರಿತ್ತು. ಲೈಬ್ರರಿ ಮೇಡಂ ಒಂದು ಬಿಳಿ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದ್ದರು. "ಮರದ್ದು ಮಾಡಿಕೊಡಲಾ ಮೇಡಂ?" ಎಂದು ನಾನು ಯಾಕೆ ಕೇಳಿದೆನೋ. ಆ ಹದಿನೇಳು ಕಾಣಿಕೆ ಇನ್ನೂ ಅಂಗಡಿಯ ಮೂಲೆಯಲ್ಲೇ ಬಿದ್ದಿದ್ದವು, ದಿನಾ ಕಣ್ಣಿಗೆ ಬೀಳುತ್ತಿದ್ದವು.

ಹೆಂಚಿನ ಮನೆಯೊಂದನ್ನು ಕೆಡವಿದಾಗ ಬಂದ ಬಾಗಿಲಿನ ಹಲಗೆ ನಮ್ಮಲ್ಲಿತ್ತು. 14 ಇಂಚು ಉದ್ದ, ಆರೂವರೆ ಇಂಚು ಅಗಲ ಸಾಕು ಎಂದು ಗೆರೆ ಹಾಕಿ ಗರಗಸ ಎತ್ತಿದೆ. ಹಿಂದಿನಿಂದ ದಾದಾ "ಜಲ್ದಿ ನಕ್ಕೋ ಕರ್" ಎಂದರು. ಹಳೇ ಸ್ಪೀಕರಿನ ಅಯಸ್ಕಾಂತ ತರಿಸಿ ಅದನ್ನು ಹಲಗೆಯ ಮೇಲೆ ನಿಧಾನ ಆಡಿಸಿದರು. ಮೂರು ಕಡೆ ಅದು ಕಚ್ಚಿಕೊಂಡಿತು. ಬಣ್ಣದ ಅಡಿಯಲ್ಲಿ ತಲೆ ಮುರಿದ ಮೂರು ಮೊಳೆಗಳು. ಕಾಣದೆ ಕೊಯ್ದಿದ್ದರೆ ಗರಗಸದ ಹಲ್ಲು ಹೋಗುತ್ತಿತ್ತು. ಹಲಗೆಯನ್ನು ಕೆರೆದು ಉಪ್ಪುಕಾಗದ ಉಜ್ಜಿದಾಗ ಒದ್ದೆ ಬೆರಳಿಗೆ ಹಳದಿ ಹತ್ತಿತು. "ಹೊನ್ನೆ" ಎಂದರು ದಾದಾ. ಮನೆಯಲ್ಲಿ ಬರೀ ಉರ್ದು ಮಾತಾಡುವ ದಾದಾ ಮರಗಳ ಹೆಸರನ್ನು ಮಾತ್ರ ಕನ್ನಡದಲ್ಲೇ ಹೇಳುತ್ತಾರೆ. ಹೊನ್ನೆ, ಮತ್ತಿ, ಬೀಟೆ, ಹಲಸು. ಕಬ್ಬಿಣದ ವಸ್ತುಗಳಿಗೆಲ್ಲ ನಮ್ಮ ಮನೆಯ ಮಾತೇ. ಕೊಂಡಿಗೆ ಕುಂಡಾ, ಬಳೆಗೆ ಕಡಾ.

ದಾದಾ ಟ್ರಂಕು ಮಾಡುತ್ತಿದ್ದವರು. ತಗಡಿನ ಟ್ರಂಕು, ಮದುವೆ ಹೆಣ್ಣಿಗೆ ಕೊಡುವಂಥದ್ದು, ಹಾಸ್ಟೆಲಿಗೆ ಹೋಗುವ ಹುಡುಗರು ಒಯ್ಯುವಂಥದ್ದು. ಗಾಲಿಯ ಸೂಟ್‌ಕೇಸ್ ಬಂದ ಮೇಲೆ ಕೊಳ್ಳುವವರು ಕಡಿಮೆಯಾಗಿ, ಅದೇ ಜಾಗದಲ್ಲಿ ಅಬ್ಬಾ ಗುಜರಿ ಅಂಗಡಿ ಹಾಕಿದರು. ಈಗ ದಾದಾರ ಕೈ ನಡುಗುತ್ತದೆ. ಸುತ್ತಿಗೆ ನನ್ನ ಕೈಯಲ್ಲಿ, ಬೈಗುಳ ಅವರ ಬಾಯಲ್ಲಿ, ಹೀಗೆ ಕೆಲಸ ನಡೆಯಿತು.

ಮರ ಸುಲಭ. ಕಬ್ಬಿಣದ ಕೆಲಸದಲ್ಲೇ ನನ್ನ ಎರಡು ಭಾನುವಾರ ಮುಗಿದವು. ಲಾರಿಯ ಹಳೇ ಬ್ರೇಕ್ ಡ್ರಮ್ ನಮ್ಮ ಕುಲುಮೆ. ಅದರ ತಳದ ತೂತಿಗೆ ಕೊಳವೆ ಸಿಕ್ಕಿಸಿ ಕೈಯಲ್ಲಿ ತಿರುಗಿಸುವ ಬ್ಲೋವರ್ ಜೋಡಿಸಿದೆವು. ಬಡಿಯುವುದಕ್ಕೆ ಲಾರಿಯ ಆಕ್ಸಲ್ ತುಂಡು, ನೆಲದಲ್ಲಿ ಹೂತು ನಿಲ್ಲಿಸಿದ್ದು. ಇದ್ದಿಲು ಮಾತ್ರ ದುಡ್ಡು ಕೊಟ್ಟು ತಂದೆವು.

ಫಲಕದ ಎರಡು ಕಡೆ ಮೇಲಿಂದ ಕೆಳಗೆ ಎರಡು ಕಬ್ಬಿಣದ ಪಟ್ಟಿ ಬರುತ್ತವೆ. ಹಳೇ ಕಿಟಕಿ ಗ್ರಿಲ್ಲಿನ ಪಟ್ಟಿ, 20 ಮಿ.ಮೀ. ಅಗಲ, 3 ಮಿ.ಮೀ. ದಪ್ಪ, ಬಣ್ಣ ಕೆರೆದು ತೆಗೆದದ್ದು. ಪ್ರತಿ ಪಟ್ಟಿಯ ಮೇಲಿನ ತುದಿಯನ್ನು ಕಾಯಿಸಿ, 8 ಮಿ.ಮೀ. ಸರಳಿನ ಸುತ್ತ ಸುತ್ತಿಸಿ, ಕಿವಿಯ ಹಾಗೆ ಮಾಡಬೇಕು. ಆ ಕಿವಿಗೆ ಸರಪಳಿ ಸೇರುತ್ತದೆ. ನಾನು ಮೊದಲು ಪಟ್ಟಿ ಕೆಂಪಗಾದ ಕೂಡಲೇ ತೆಗೆದು ಬಡಿದೆ. ಎರಡೇಟಿಗೆ ಕಪ್ಪಾಯಿತು, ಆಮೇಲೆ ಹೊಡೆದಷ್ಟೂ ನನ್ನ ಕೈಯೇ ಜುಮ್ಮೆಂದಿತು. ಕಿತ್ತಳೆ ಬಣ್ಣಕ್ಕೆ ಬರುವವರೆಗೆ ಕಾಯಬೇಕು. ತೆಗೆದ ಮೇಲೆ ಯೋಚಿಸುತ್ತ ನಿಲ್ಲಬಾರದು, ಯೋಚನೆಯೆಲ್ಲ ಒಲೆಯಲ್ಲಿರುವಾಗಲೇ ಮುಗಿದಿರಬೇಕು. ಕಪ್ಪಾದರೆ ಹಟ ಮಾಡದೆ ಮತ್ತೆ ಬೆಂಕಿಗೆ ಇಡಬೇಕು. ನಾಲ್ಕನೆಯ ಪಟ್ಟಿಯ ಹೊತ್ತಿಗೆ ಕಿವಿ ದುಂಡಗೆ ಬಂತು. ಮೊದಲ ಮೂರು ಈಗಲೂ ನನ್ನ ಹತ್ತಿರ ಇವೆ, ಒಂದು ಬೆಂಡೆಕಾಯಿಯ ಹಾಗಿದೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಸರಪಳಿಗೆಂದು ನಾನು ಮೊದಲು ಆರಿಸಿದ್ದು ಹೊಳೆಯುವ ಜಿ.ಐ. ತಂತಿ. ಅದನ್ನು ಬೆಂಕಿಯ ಹತ್ತಿರ ಒಯ್ದಾಗ ದಾದಾ ನನ್ನ ಕೈಯಿಂದ ಕಿತ್ತುಕೊಂಡರು. ಆ ಹೊಳಪು ಸತುವಿನ ಲೇಪ. ಬೆಂಕಿಗೆ ಹಾಕಿದರೆ ಅದರ ಹೊಗೆ ಕುಡಿದವರಿಗೆ ಅವತ್ತೇ ರಾತ್ರಿ ಚಳಿಜ್ವರ ಬರುತ್ತದೆ. ಲೇಪ ಇಲ್ಲದ ಕಪ್ಪು ಕಂಬಿಯನ್ನೇ ಬಳಸಬೇಕು.

ಸರಪಳಿಯ ವಿಷಯದಲ್ಲಿ ಕಾಮರ್ಸ್ ವಿದ್ಯಾರ್ಥಿಯ ಮಾನ ಹೋದದ್ದನ್ನೂ ಹೇಳಬೇಕು. 4 ಮಿ.ಮೀ. ಕಂಬಿಯನ್ನು 16 ಮಿ.ಮೀ. ಸರಳಿಗೆ ಸ್ಪ್ರಿಂಗಿನಂತೆ ಒತ್ತೊತ್ತಾಗಿ ಸುತ್ತಿ, ಉದ್ದಕ್ಕೆ ಗರಗಸದಿಂದ ಕೊಯ್ದರೆ ಬಳೆಗಳು ಉದುರುತ್ತವೆ. 16ನ್ನು 3.14ರಿಂದ ಗುಣಿಸಿದೆ, ಒಂದು ಬಳೆಗೆ ಸುಮಾರು 50 ಮಿ.ಮೀ. ಬಂತು. ಹತ್ತು ಬಳೆಗೆ 50 ಸೆಂ.ಮೀ. ಕಂಬಿ ಕತ್ತರಿಸಿದೆ. ಏಳು ಬಂದವು, ಎಂಟನೆಯದು ಪೂರ್ತಿಯಾಗಲಿಲ್ಲ. ಕಂಬಿಗೆ ತನ್ನದೇ ದಪ್ಪ ಇದೆ ಎಂಬುದನ್ನು ಮರೆತಿದ್ದೆ. ಸರಳಿನ 16ಕ್ಕೆ ಕಂಬಿಯ 4 ಸೇರಿಸಿ, 20ನ್ನು ಗುಣಿಸಬೇಕು. ಆಗ 63 ಮಿ.ಮೀ. ಶಾಲೆಯ ಬಾಗಿಲನ್ನೂ ಸರಿಯಾಗಿ ನೋಡದ ದಾದಾ ಯಾವ ಗುಣಾಕಾರವೂ ಇಲ್ಲದೆ, ದಾರವೊಂದನ್ನು ಸರಳಿಗೆ ಸುತ್ತಿ ಬಿಚ್ಚಿ, ಅದಕ್ಕೆ ಚೂರು ಸೇರಿಸಿ, "ಇಷ್ಟು ಬೇಕು" ಎಂದು ತೋರಿಸಿದ್ದರು. ನಾನು ಕ್ಯಾಲ್ಕುಲೇಟರ್ ನಂಬಿದ್ದೆ.

ಒಂದು ಕಡೆಗೆ ಹತ್ತೊಂಬತ್ತು ಬಳೆ, ಎರಡೂ ಕಡೆ ಸೇರಿ ಮೂವತ್ತೆಂಟು. ಬಳೆಯ ಬಾಯನ್ನು ಅಗಲಿಸಿ ತೆರೆಯಬಾರದು, ಹಾಗೆ ಮಾಡಿದರೆ ದುಂಡು ಕೆಡುತ್ತದೆ. ಎರಡು ಇಕ್ಕಳದಲ್ಲಿ ಹಿಡಿದು ಒಂದು ತುದಿಯನ್ನು ಆಚೆ, ಒಂದನ್ನು ಈಚೆ ತಿರುಚಬೇಕು, ಮುಂದಿನ ಬಳೆ ಸೇರಿಸಿ ಹಾಗೇ ವಾಪಸ್ ತಿರುಚಬೇಕು. ಮೂವತ್ತೆಂಟು ಸಲ. ಕೊನೆಗೆ ಎಲ್ಲ ಕಬ್ಬಿಣವನ್ನೂ ಬಿಸಿ ಮಾಡಿ, ಕೆಂಪಗಾಗದಷ್ಟು ಬಿಸಿ, ಅಗಸೆ ಎಣ್ಣೆಯ ಬಟ್ಟೆಯಿಂದ ಒರೆಸಿದರೆ ಹೊಗೆ ಎದ್ದು ಕಪ್ಪು ಹೊಳಪು ಕೂರುತ್ತದೆ, ತುಕ್ಕು ಬೇಗ ಹತ್ತುವುದಿಲ್ಲ. ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಹುದು. ಹರಡಿ ಬಿಸಿಲಿಗೆ ಹಾಕಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಜೋಡಿಸುವ ದಿನ ದಾದಾ ಊರಲ್ಲಿರಲಿಲ್ಲ. ಅವಸರದಲ್ಲಿ ಪಟ್ಟಿಗಳನ್ನು ಹಲಗೆಗೆ ಸಣ್ಣ ಮೊಳೆ ಹೊಡೆದು ಕೂರಿಸಿದೆ. ಕಲಾ ವಿಭಾಗದ ಒಬ್ಬ ಸಹಪಾಠಿಯ ಅಕ್ಷರ ಚೆನ್ನಾಗಿದೆ, ಅವಳು ಬಿಳಿ ಎನಾಮೆಲ್ ಬಣ್ಣದಲ್ಲಿ 'ಗ್ರಂಥಾಲಯ' ಎಂದು ಬರೆದುಕೊಟ್ಟಳು. ಬಾಗಿಲಿಗೆ ತೂಗುಹಾಕಿದೆವು. ಮೇಡಂ ಫೋಟೋ ತೆಗೆದರು. ಒಂಬತ್ತು ದಿನ ಚೆನ್ನಾಗಿತ್ತು. ಆಷಾಢದ ಗಾಳಿಗೆ ಬಾಗಿಲು ಬಡಿದು ಬಡಿದು ಹತ್ತನೆಯ ದಿನ ಎಡಗಡೆಯ ಮೊಳೆಗಳು ಸಡಿಲವಾಗಿ ಪಟ್ಟಿ ಕಳಚಿತು. ಶುಕ್ರವಾರ ಇಡೀ ದಿನ 'ಗ್ರಂಥಾಲಯ' ಒಂದೇ ಕಿವಿಯಲ್ಲಿ ನೇತಾಡುತ್ತಿತ್ತು. ಜುಮಾಗೆ ಹೋಗಿ ಬಂದ ಹುಡುಗರೆಲ್ಲ ನೋಡಿದರು. ಅವತ್ತು ಏನೇನು ಕೇಳಬೇಕಾಯಿತೋ ಇಲ್ಲಿ ಬರೆಯುವುದಿಲ್ಲ.

ದಾದಾ ವಾಪಸ್ ಬಂದು ನೋಡಿ ಒಂದೇ ಪ್ರಶ್ನೆ ಕೇಳಿದರು. ಟ್ರಂಕಿನಲ್ಲಿ ಎಲ್ಲಾದರೂ ಮೊಳೆ ನೋಡಿದ್ದೀಯಾ? ನೋಡಿರಲಿಲ್ಲ. ಅಲ್ಲಾಡುವ ವಸ್ತುವಿಗೆ ಮೊಳೆ ನಿಲ್ಲುವುದಿಲ್ಲ, ರಿವೆಟ್ ಬೇಕು. ಪಟ್ಟಿ, ಹಲಗೆ ಎರಡನ್ನೂ ಸೇರಿಸಿ ಆರಪಾರ ತೂತು ಕೊರೆದು, ಅದೇ 4 ಮಿ.ಮೀ. ಕಂಬಿಯ ತುಂಡು ತೂರಿಸಿ, ಹಿಂದೆ ವಾಷರ್ ಇಟ್ಟು, ಎರಡೂ ತುದಿಯನ್ನು ಅಣಬೆಯ ತಲೆಯ ಹಾಗೆ ಬಡಿದು ಅಗಲಿಸುವುದು. ಮೇಲ್ಗಡೆ ಹೀಗೆ ಎರಡು ರಿವೆಟ್. ಪಟ್ಟಿಯ ಕೆಳತುದಿಯಲ್ಲಿ ಮಾತ್ರ ತೂತನ್ನು ಅರದಿಂದ ಉಜ್ಜಿ ಉದ್ದ ಮಾಡಿಸಿದರು, ಅದಕ್ಕೆ ಸ್ಕ್ರೂ, ಅದೂ ಪೂರ್ತಿ ಬಿಗಿಯದೆ. ಯಾಕೆಂದರೆ ಮಳೆಗಾಲದಲ್ಲಿ ಹಲಗೆ ಅಡ್ಡಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಕಬ್ಬಿಣ ಹಾಗೆ ಮಾಡುವುದಿಲ್ಲ. ಎರಡೂ ತುದಿಯಲ್ಲಿ ಬಿಗಿದರೆ ಹಲಗೆಗೆ ಜಾಗ ಸಿಗದೆ ಬಿರಿಯುತ್ತದೆ. (ಸ್ಕ್ರೂ ಅಂಗಡಿಯದು, ಒಪ್ಪಿಕೊಳ್ಳುತ್ತೇನೆ. ಅದಕ್ಕೆ ಸೋಪು ಸವರಿದರೆ ಗಟ್ಟಿ ಮರದಲ್ಲೂ ಸಲೀಸಾಗಿ ಇಳಿಯುತ್ತದೆ.)

ದಾದಾಗೆ ಕನ್ನಡ ಓದಲು ಬರುವುದಿಲ್ಲ. ರಿಪೇರಿಯಾದ ಫಲಕದ ಅಕ್ಷರಗಳ ಮೇಲೆ ಬೆರಳಾಡಿಸುತ್ತ, "ಇವೆಲ್ಲ ಕುಂಡಾ, ಕಡಾ ಥರಾನೇ ಇವೆಯಲ್ಲ" ಎಂದರು. ಅಂದಿನಿಂದ ನನಗೆ 'ಗ್ರಂ' ಎಂದು ಬರೆದಾಗಲೆಲ್ಲ ಕೊಂಡಿ ಕಾಣುತ್ತದೆ.

ಆ ಫಲಕ ಈಗ ನಾಲ್ಕು ತಿಂಗಳಿಂದ ಅದೇ ಬಾಗಿಲಲ್ಲಿದೆ. ಅದನ್ನು ನೋಡಿಯೇ ಕಾಲೇಜು ದಿನಾಚರಣೆಯ ಸಮಿತಿಯವರು ನನ್ನನ್ನು ಕರೆದರು. ಇಂಥದ್ದೇ ಹನ್ನೆರಡು ಆಗುತ್ತದೆಯೇ, ಒಂದಕ್ಕೆ ಎಷ್ಟು ಬೀಳುತ್ತದೆ, ಲೆಕ್ಕ ಕೊಡು ಎಂದರು. ಅಷ್ಟು ಹೊತ್ತಿಗೆ ನಾನು ಇನ್ನೆರಡು ಮಾಡಿದ್ದೆ. ಮೊದಲನೆಯದಕ್ಕೆ ಹದಿನಾಲ್ಕು ಗಂಟೆ ಹಿಡಿದಿತ್ತು, ಎರಡನೆಯದಕ್ಕೆ ಎಂಟು, ಮೂರನೆಯದನ್ನು ಐದು ಗಂಟೆಯಲ್ಲಿ ಮುಗಿಸಿದೆ. ಒಂದು ಫಲಕದ ಸಾಮಾನಿಗೆ ಬಿದ್ದ ಖರ್ಚು ಹೀಗಿದೆ. ಹಲಗೆ 120 ರೂಪಾಯಿ, ಪಟ್ಟಿ ಮತ್ತು ಕಂಬಿ 35, ಇದ್ದಿಲು 40, ಬಣ್ಣ 30, ಎಣ್ಣೆ 25, ಉಪ್ಪುಕಾಗದ 20, ಸ್ಕ್ರೂ ವಾಷರ್ 10. ಒಟ್ಟು 280. ಕಳೆದ ವರ್ಷ ಅಂಗಡಿಯಿಂದ ತಂದ ಕಾಣಿಕೆಗೆ ಒಂದಕ್ಕೆ 350 ಕೊಟ್ಟಿದ್ದರು. ಹಾಗಾದರೆ ಹನ್ನೆರಡಕ್ಕೆ 840 ರೂಪಾಯಿ ಉಳಿತಾಯ. ಎಲ್ಲರಿಗೂ ಖುಷಿಯಾಯಿತು. ಇನ್ನೇನು ಎದ್ದು ಹೋಗುವವರಿದ್ದರು.

"ಸರ್, ಕೂಲಿ ಇನ್ನೂ ಸೇರಿಸಿಲ್ಲ" ಎಂದೆ.

ನಮ್ಮ ಅಂಗಡಿಯಲ್ಲಿ ಸಾಮಾನು ವಿಂಗಡಿಸುವ ಅಣ್ಣನಿಗೆ ಎಂಟು ಗಂಟೆಗೆ 600 ರೂಪಾಯಿ. ಗಂಟೆಗೆ 75. ಐದು ಗಂಟೆಗೆ 375. ಅದನ್ನು 280ಕ್ಕೆ ಸೇರಿಸಿದರೆ ಒಂದು ಫಲಕ 655. ಹನ್ನೆರಡಕ್ಕೆ 7,860. ಅಂಗಡಿಯದು 4,200. ಉಳಿತಾಯ ಹೋಗಿ 3,660 ಹೆಚ್ಚಿಗೆ ಬಂತು. ಇದನ್ನು ನಾನು ಮುಚ್ಚಿಡುವುದಿಲ್ಲ. ಕೈಯಿಂದ ಮಾಡಿದ್ದು ಅಗ್ಗ ಎಂದು ಯಾರಾದರೂ ಹೇಳಿದರೆ ಅವರು ಯಾರದೋ ಕೂಲಿಯನ್ನು ಬಿಟ್ಟು ಲೆಕ್ಕ ಹಾಕಿದ್ದಾರೆ ಎಂದೇ ಅರ್ಥ.

ಸಮಿತಿಯಲ್ಲಿ ಯಾರೂ ಕೋಪ ಮಾಡಿಕೊಳ್ಳಲಿಲ್ಲ. ನಕ್ಕರು. ನಿಮ್ಮದೇ ಕಾಲೇಜು, ಇಷ್ಟು ಚಿಕ್ಕ ಕೆಲಸಕ್ಕೆ ದುಡ್ಡು ಕೇಳುತ್ತೀಯಾ, ಇದು ಖಿದ್ಮತ್, ಸವಾಬ್ ಸಿಗುತ್ತದೆ ಎಂದರು. ಪ್ರೀತಿಯಿಂದಲೇ ಹೇಳಿದರು. ನಾನು ಆಗ ಏನೂ ಹೇಳಲಾಗದೆ ಬಂದೆ. ಈಗ ಹೇಳುತ್ತೇನೆ. ಖಿದ್ಮತ್ ಎನ್ನುವುದು ಮಾಡುವವನ ಬಾಯಿಂದ ಬರಬೇಕಾದ ಮಾತು. ಮಾಡಿಸಿಕೊಳ್ಳುವವರು ಹೇಳಿದರೆ ಅದು ಬೇರೆ ಏನೋ ಆಗುತ್ತದೆ. ಕೂಲಿಯವನ ಹಕ್ಕಿನ ಬಗ್ಗೆ ಜುಮಾ ಬಯಾನ್‌ನಲ್ಲಿ ನಾವೆಲ್ಲ ಎಷ್ಟು ಸಲ ಕೇಳಿಲ್ಲ? ಅಲ್ಲಿ ಕೆಲಸ ಚಿಕ್ಕದಾದರೆ ಬಿಡಬಹುದು ಎಂದು ನಾನಂತೂ ಕೇಳಿದ ನೆನಪಿಲ್ಲ. ಪೆಂಡಾಲ್‌ನವರಿಗೆ, ಮೈಕ್‌ನವರಿಗೆ, ಬಿರಿಯಾನಿ ಮಾಡುವವರಿಗೆ ನಾವು ಸವಾಬ್ ಕೊಟ್ಟು ಕಳಿಸುವುದಿಲ್ಲ.

ಪ್ರಥಮ ಪಿಯುಸಿ ಅಕೌಂಟೆನ್ಸಿಯಲ್ಲಿ ಮನಿ ಮೆಷರ್‌ಮೆಂಟ್ ಕಾನ್ಸೆಪ್ಟ್ ಓದಿದ್ದೇವೆ. ಹಣದಲ್ಲಿ ಹೇಳಲಾಗದ್ದು ಲೆಕ್ಕದ ಪುಸ್ತಕಕ್ಕೆ ಬರುವುದಿಲ್ಲ. ದಾದಾರ ಕಣ್ಣಳತೆಯನ್ನು ಹಣದಲ್ಲಿ ಹೇಳಲಾಗದು, ಸರಿ, ಅದನ್ನು ಬರೆಯಬೇಡಿ. ಐದು ಗಂಟೆಯ ಕೆಲಸ ಹಾಗಲ್ಲ. ಅದನ್ನು ಹೇಳಬಹುದು, 375 ಎಂದು ಹೇಳಿಯೂ ಆಗಿದೆ. ಬರೆಯದೆ ಬಿಟ್ಟರೆ ಅದು ಕಾನ್ಸೆಪ್ಟ್ ಅಲ್ಲ, ಅನುಕೂಲ.

ಎರಡನೆಯ ಆಕ್ಷೇಪ ಬಂದಿದ್ದು ಕಾಲೇಜಿನಿಂದಲ್ಲ, ನಮ್ಮ ಮನೆಯಿಂದ. ಅಮ್ಮಿಗೆ ಇದು ಮೊದಲಿನಿಂದಲೂ ಇಷ್ಟವಿಲ್ಲ. ಸಿ.ಎ. ಮಾಡಲಿ ಎಂದು ಕಾಮರ್ಸಿಗೆ ಸೇರಿಸಿದರೆ ಮಗ ಬೆಂಕಿಯ ಮುಂದೆ ಕೂತಿದ್ದಾನೆ. ಅಂಗಿಯ ತೋಳಿನಲ್ಲಿ ಕಿಡಿ ಹಾರಿ ಮೂರು ತೂತಾಗಿವೆ. ಅಬ್ಬಾ ಏನೂ ಹೇಳುವುದಿಲ್ಲ, ಆದರೆ ಗಿರಾಕಿ ಬಂದಾಗ ನನ್ನನ್ನು ಒಳಗೆ ಕಳಿಸುತ್ತಾರೆ. ಆಶ್ಚರ್ಯವಾಗಿದ್ದು ದಾದಾ ವಿಷಯದಲ್ಲಿ. ಇಷ್ಟೆಲ್ಲ ಕಲಿಸಿದವರು ಕೂಲಿಯ ಮಾತು ಬಂದಾಗ ಅಮ್ಮಿಯ ಕಡೆ ಸೇರಿದರು. "ಮಗುವಿನ ಕೈಗೆ ಕೂಲಿ ಕೊಡಿಸಬೇಡ. ಒಂದು ಸಲ ಕೂಲಿ ತಗೊಂಡರೆ ಜನ ಇವನನ್ನು ಕೂಲಿಯವನು ಅಂತಲೇ ನೋಡುತ್ತಾರೆ" ಎಂದು ಅಬ್ಬಾಗೆ ಹೇಳಿದರು. ನಾನು ಪಕ್ಕದ ಕೋಣೆಯಲ್ಲಿ ಓದುತ್ತಿದ್ದೆ, ಕೇಳಿಸಿತು. ಪುಕ್ಕಟೆ ಮಾಡಿದರೆ ಹವ್ಯಾಸ, ಹುಷಾರು ಹುಡುಗ. ದುಡ್ಡು ತಗೊಂಡರೆ ಲೋಹಾರ. ದಾದಾ ಲೋಕ ಕಂಡವರು, ಅವರು ಹೇಳಿದ್ದು ತಪ್ಪು ಎಂದು ನನಗೆ ಅನ್ನಿಸಲಿಲ್ಲ. ಅದು ಹಾಗಿರಬಾರದು ಎಂದು ಮಾತ್ರ ಅನ್ನಿಸಿತು. ಅರ್ಜಿಯಲ್ಲಿ 'ಬಿಸಿನೆಸ್' ಎಂದು ಬರೆದಾಗ ನಾನೂ ಇದೇ ಲೆಕ್ಕ ಹಾಕಿದ್ದೆನಲ್ಲ.

ಅರ್ಥಶಾಸ್ತ್ರದ ಗೆಳೆಯರು ಆಪರ್ಚುನಿಟಿ ಕಾಸ್ಟ್ ಎನ್ನುತ್ತಾರೆ. ಆ ಐದು ಗಂಟೆ ಓದಿದ್ದರೆ? ಮೊದಲ ಕಿರುಪರೀಕ್ಷೆಯಲ್ಲಿ ಸಂಖ್ಯಾಶಾಸ್ತ್ರದಲ್ಲಿ ನನಗೆ ಕಡಿಮೆ ಬಂದಿದ್ದು ನಿಜ. ಕುಲುಮೆ ಅದಕ್ಕೆ ಕಾರಣವಲ್ಲ, ಮೊಬೈಲು. ಬೆಂಕಿಯ ಹತ್ತಿರ ಕೂತಾಗ ಮೊಬೈಲ್ ಮುಟ್ಟಲು ಆಗುವುದಿಲ್ಲ ಎಂಬುದೇ ಒಂದು ಲಾಭ.

ಕೈಕೆಲಸಕ್ಕೆ ನಮ್ಮಲ್ಲಿ ಗೌರವವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬೀದರಿನ ಬಿದರಿ ಕಲೆಯ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಓಣಿಯಲ್ಲಿ ಎಲ್ಲರ ಸ್ಟೇಟಸ್‌ನಲ್ಲೂ ಅವರ ಫೋಟೋ ಇತ್ತು. ಸತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಮಾಡುವ ಆ ಕೆಲಸವನ್ನು ನೋಡಿ ನನಗೂ ಹೆಮ್ಮೆಯಾಯಿತು. ದಾದಾರ ಟ್ರಂಕು ಅದರ ಮುಂದೆ ಏನೂ ಅಲ್ಲ, ಗೊತ್ತು. ಆದರೆ ಪ್ರಶಸ್ತಿ ಬಂದರೆ ಕಲೆ, ಬರದಿದ್ದರೆ 'ಚಿಕ್ಕ ಕೆಲಸ' ಎಂದು ನಾವು ಎರಡೇ ಖಾನೆ ಇಟ್ಟುಕೊಂಡಿದ್ದೇವೆ. ಊರಿನ ಬಹುಪಾಲು ಕೆಲಸ, ನಮ್ಮ ಕಾಲೇಜಿನ ಅರ್ಧ ಮಕ್ಕಳ ಮನೆಯ ಕೆಲಸ, ಎರಡರ ನಡುವೆ ಇದೆ. ಗ್ಯಾರೇಜು, ವೆಲ್ಡಿಂಗು, ಟೈಲರಿಂಗು, ಹಾಸಿಗೆ ಹೊಲಿಯುವುದು, ಬೀಗ ರಿಪೇರಿ. ಅರ್ಜಿಗಳನ್ನು ತೆಗೆದು ನೋಡಿದರೆ ಎಲ್ಲ ಕಡೆ 'ಬಿಸಿನೆಸ್' ಇರುತ್ತದೆ ಎಂದು ನನ್ನ ಊಹೆ.

ಈಗ ನನ್ನ ಪ್ರಸ್ತಾವ. ಬಜೆಟ್ ಹೆಚ್ಚಿಸಬೇಡಿ. ಹನ್ನೆರಡರ ಬದಲು ಆರು ಫಲಕ ಮಾಡೋಣ. ಆರಕ್ಕೆ 655ರಂತೆ 3,930 ರೂಪಾಯಿ. ಕಳೆದ ವರ್ಷದ 4,200ರಲ್ಲೇ 270 ಉಳಿಯುತ್ತದೆ. ಅದರಲ್ಲಿ ಎಲ್ಲರಿಗೂ ಚಹಾ. ಉಳಿದ ಆರು ಮಂದಿಗೆ ಏನು ಎಂದು ಕೇಳಬಹುದು. ಕಳೆದ ವರ್ಷದ ಹನ್ನೆರಡರಲ್ಲಿ ಹೊರಗಿನ ಅತಿಥಿಗಳಿಗೆ ಹೋಗಿದ್ದು ನಾಲ್ಕೇ, ಉಳಿದದ್ದು ನಮಗೆ ನಾವೇ ಕೊಟ್ಟುಕೊಂಡದ್ದು. ಅದೇ ದಿನ ಎಷ್ಟೋ ವರ್ಷ ಗಂಟೆ ಬಾರಿಸಿದ ಅಟೆಂಡರ್ ಚಾಚಾ ನಿವೃತ್ತರಾದರು. ಅವರಿಗೆ ಒಂದು ಶಾಲು, ಹಣ್ಣಿನ ಬುಟ್ಟಿ. ಈ ಸಲ ಮೊದಲ ಫಲಕ ಅವರಿಗೆ ಎಂದು ನನ್ನ ಆಸೆ, ಅವರನ್ನು ಮತ್ತೆ ಕರೆಸಿ ಕೊಡೋಣ. ಅವರ ಹೆಸರು ಕನ್ನಡದಲ್ಲಿ, ಕೆಳಗೆ ಉರ್ದುವಿನಲ್ಲಿ. ಉರ್ದು ಅಕ್ಷರ ಚೆನ್ನಾಗಿ ಬರೆಯುವವರು ಬೇಕು, ನನ್ನದು ಹುಳು ಹರಿದ ಹಾಗಿರುತ್ತದೆ.

ಕೂಲಿ ಬೇಡ, ಸವಾಬ್ ಸಾಕು ಎನ್ನುವವರು ಕೂಲಿ ತೆಗೆದುಕೊಂಡು, ಸಹಿ ಹಾಕಿ, ಆಮೇಲೆ ಗ್ರಂಥಾಲಯಕ್ಕೋ ಬಡ ವಿದ್ಯಾರ್ಥಿಗಳ ಫೀಸಿಗೋ ಕೊಡಲಿ. ಪುಸ್ತಕದಲ್ಲಿ ಎರಡೂ ಎಂಟ್ರಿ ಬರಲಿ. ನಮ್ಮ ಅಕೌಂಟೆನ್ಸಿ ಸರ್ ಇದನ್ನು ಒಪ್ಪುತ್ತಾರೆ ಎಂದುಕೊಂಡಿದ್ದೇನೆ.

ಸಮಿತಿಯ ಸಭೆ ಮುಂದಿನ ವಾರ ಇದೆ. ಒಪ್ಪಿದರೆ ಶನಿವಾರ ತರಗತಿ ಮುಗಿದ ಮೇಲೆ ನಮ್ಮ ಅಂಗಡಿಯ ಹಿಂದಿನ ಅಂಗಳದಲ್ಲಿ ಕೆಲಸ ಶುರು. ಹುಡುಗಿಯರೂ ಬರಬಹುದು, ಅಮ್ಮಿ ಅಲ್ಲೇ ಇರುತ್ತಾರೆ, ಬೈಯುತ್ತಾರೆ, ಊಟವನ್ನೂ ಹಾಕುತ್ತಾರೆ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಬನ್ನಿ. ಪಾಲಿಸ್ಟರ್ ಬಟ್ಟೆಗೆ ಕಿಡಿ ಬಿದ್ದರೆ ಮೈಗೆ ಅಂಟುತ್ತದೆ, ಹತ್ತಿಯದು ಹಾಕಿಕೊಳ್ಳಿ. ಮೊದಲ ದಿನ ಬರೀ ಬಳೆ ಸುತ್ತುವುದು. ಒಂದು ಬಳೆಗೆ 63 ಮಿ.ಮೀ., ಆರು ಫಲಕಕ್ಕೆ 228 ಬಳೆ. ವಿಳಾಸ ಕೇಳಬೇಕಾಗಿಲ್ಲ, ಪಿ.ಬಿ. ರಸ್ತೆಯಲ್ಲಿ ಇಳಿದು ಗುಜರಿ ಅಂಗಡಿ ಎಲ್ಲಿ ಎಂದರೆ ಯಾರಾದರೂ ತೋರಿಸುತ್ತಾರೆ.